ಕೊಡಗಿನ ಅಂಗಳದ ಹೂಗಳು: ಎಲ್ಲಿಂದ ಬಂದ್ವು, ಯಾಕೆ ಹೀಗಿವೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೆ ಇರೋದು ಮಡಿಕೇರಿಯಿಂದ ನಾಪೋಕ್ಲು ಕಡೆ ಹೋಗೋ ದಾರೀಲಿ. ಮನೆ ಮುಂದೆ ಕಾಫಿ ಕಣ, ಕಣದ ಸುತ್ತ ಹೂಗಿಡ. ಮದ್ವೆ ಕರೆಯೋಕೆ ಬಂದವ್ರು, ಹುತ್ತರಿಗೆ ಬಂದ ನೆಂಟರು, ಕಾಫಿ ನೋಡೋಕೆ ಬಂದ ವ್ಯಾಪಾರಿ ಯಾರೇ ಆಗ್ಲಿ ಎದ್ದು ಹೊರಡೋ ಮುಂಚೆ ಒಂದು ರೌಂಡ್ ಗಿಡ ನೋಡೇ ಹೋಗೋದು, ಆಗ ಕೇಳೋ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದು ಇಡ್ತಿದೀನಿ. ಇಪ್ಪತ್ತು ವರ್ಷ ಗಿಡಗಳ ಜೊತೆ ಇದ್ದು ನಾನು ಕಲ್ತಿದ್ದು ಏನಂದ್ರೆ, ಯಾವ ಹೂವಿಗಾದ್ರೂ ಮೊದ್ಲು ಕೇಳ್ಬೇಕಾದ ಪ್ರಶ್ನೆ "ನಿನ್ ತವರು ಯಾವ್ದು" ಅಂತ, ಅದು ಗೊತ್ತಾದ್ರೆ ಗೊಬ್ಬರ ನೀರು ಬಿಸಿಲು ಎಲ್ಲದಕ್ಕೂ ಅರ್ಧ ಉತ್ತರ ಸಿಕ್ಕಂಗೆ.

ಡೇಲಿಯಾ ಕೊಡಗಿನದೇ ಹೂ ಅಲ್ವಾ? ನಮ್ಮಜ್ಜಿ ಕಾಲದಿಂದ ಇದೆಯಲ್ಲ?

ಅಜ್ಜಿ ಕಾಲದಿಂದ ಇರೋದು ನಿಜ, ಆದ್ರೆ ತವರು ಮೆಕ್ಸಿಕೊ. ಅಲ್ಲಿನ ಎತ್ತರದ ಬೆಟ್ಟಸೀಮೆ, ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು. 1789ರಲ್ಲಿ ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ಇದು ಸ್ಪೇನಿನ ಮ್ಯಾಡ್ರಿಡ್‌ಗೆ ಹೋಯ್ತು, ಅಲ್ಲಿ ಕವನಿಲ್ಲೆಸ್ ಅನ್ನೋ ಪಾದ್ರಿ, ಸಸ್ಯಶಾಸ್ತ್ರಜ್ಞರೂ ಹೌದು, 1791ರಲ್ಲಿ ಇದಕ್ಕೆ ಡೇಲಿಯಾ ಅಂತ ಹೆಸರಿಟ್ರು. ಸ್ವೀಡನ್ನಿನ ಆಂಡರ್ಸ್ ಡಾಲ್ ಅನ್ನೋ ಸಸ್ಯಶಾಸ್ತ್ರಜ್ಞರ ನೆನಪಿಗೆ ಇಟ್ಟ ಹೆಸರು, ಅವರು ಗಿಡಗಳಿಗೆ ಶಾಸ್ತ್ರೀಯ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಶಿಷ್ಯರು, ಹೆಸರಿಡೋ ಹೊತ್ತಿಗೆ ತೀರಿಕೊಂಡಿದ್ರು. ಮೆಕ್ಸಿಕೊ 1963ರಲ್ಲಿ ಇದನ್ನೇ ರಾಷ್ಟ್ರೀಯ ಹೂ ಮಾಡ್ಕೊಂಡಿತು.

ನಮ್ಮೂರಿಗೆ ಇದು ಇಷ್ಟು ಚೆನ್ನಾಗಿ ಹೊಂದ್ಕೊಂಡಿದ್ದು ಯಾಕೆ ಅಂದ್ರೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ರಾತ್ರಿ ಚಳಿ ಇರತ್ತೆ, ಡೇಲಿಯಾಗೆ ತವರಿನ ನೆನಪು ಬರೋ ಹವೆ. ಹೊಂದದೇ ಇರೋದು ಒಂದೇ, ನಮ್ಮ ಮಳೆ. ಅದ್ರ ಕಾಂಡ ಒಳಗೆ ಟೊಳ್ಳು, ಹೂವಿನ ತಲೆ ದೊಡ್ಡದು, ಒಂದು ಹೂ ಅಂತ ನಾವು ಕರೆಯೋದ್ರೊಳಗೆ ನೂರಾರು ಪುಟ್ಟ ಹೂ ಒತ್ತೊತ್ತಾಗಿ ಕೂತಿರ್ತವೆ (ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಎಲ್ಲಾ ಇದೇ ವಂಶ), ಅದ್ರ ಎಸಳುಗಳ ಸಂದೀಲೆಲ್ಲಾ ನೀರು ತುಂಬಿಕೊಂಡು ಆಗಸ್ಟ್ ಮಳೇಲಿ ಬೆಳಿಗ್ಗೆ ಎದ್ದು ನೋಡಿದ್ರೆ ಗಿಡ ನೆಲ ನೋಡ್ತಾ ಮಲಗಿರತ್ತೆ. ಅದಕ್ಕೇ ನಾನು ಗಿಡ ಮೊಣಕಾಲುದ್ದ ಆಗೋ ಹೊತ್ತಿಗೇ ಕಡ್ಡಿ ಕೊಡ್ತೀನಿ, ಕಾಫಿ ಗಿಡ ಸವರಿದಾಗ ಬಿದ್ದಿರೋ ಗಟ್ಟಿ ಕಡ್ಡಿ ಸಾಕು, ಬಾಳೆ ನಾರಲ್ಲಿ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ, ಪ್ಲಾಸ್ಟಿಕ್ ದಾರ ಕಾಂಡ ಕೊಯ್ದು ಬಿಡತ್ತೆ.

ಡೇಲಿಯಾ ಗೆಡ್ಡೆ ಪ್ರತಿ ವರ್ಷ ಕೊಳೆತು ಹೋಗತ್ತೆ, ಏನ್ ಮಾಡೋದು?

ಅದ್ರ ತವರಲ್ಲಿ ಹೂ ಮುಗಿದ ಮೇಲೆ ಒಣಗಾಲ ಬರತ್ತೆ, ಗಿಡ ಮೇಲೆ ಒಣಗಿ ಗೆಡ್ಡೆ ಮಣ್ಣಲ್ಲಿ ನಿದ್ದೆ ಮಾಡತ್ತೆ. ಆ ನಿದ್ದೆ ಹೊತ್ತಲ್ಲಿ ನೀರು ಬಿದ್ರೆ ಕೊಳೆಯೋದೇ. ಗಿಡ ಹಳದಿ ಆಗಿ ಒಣಗಿದ ಮೇಲೆ ಗೆಡ್ಡೆ ಅಗೆದು, ಮಣ್ಣು ಉದುರಿಸಿ, ಎರಡು ದಿನ ನೆರಳಲ್ಲಿ ಆರಿಸಿ, ಒಣ ಮರಳು ಅಥ್ವಾ ಮರದ ಹೊಟ್ಟಲ್ಲಿ ಇಡಿ. ನಮ್ಮಜ್ಜಿ ಒಲೆ ಬೂದಿ ಸವರಿ ಅಟ್ಟದ ಮೇಲೆ ಇಡ್ತಿದ್ರು, ಒಂದೂ ಕೊಳೀತಿರ್ಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಏರು ಮಡಿ ಮಾಡಿ ನೆಡಿ. ಒಂದು ವಿಷಯ ತುಂಬಾ ಜನ ತಪ್ಪು ಮಾಡ್ತಾರೆ: ಗೆಡ್ಡೆ ದಪ್ಪ ಇದ್ರೆ ಸಾಕು ಅಂದ್ಕೊಂಡು ಒಂದೊಂದಾಗಿ ಮುರಿದು ಹಂಚ್ತಾರೆ, ಆದ್ರೆ ಡೇಲಿಯಾದ ಕಣ್ಣು ಗೆಡ್ಡೆ ಮೇಲೆ ಇರಲ್ಲ, ಹಳೇ ಕಾಂಡದ ಬುಡದಲ್ಲಿ ಇರತ್ತೆ. ಆ ಬುಡದ ಚೂರು ಅಂಟಿಕೊಂಡಿಲ್ದೇ ಇರೋ ಗೆಡ್ಡೆ ಎಷ್ಟೇ ದಪ್ಪ ಇರ್ಲಿ, ಮಣ್ಣಲ್ಲಿ ಸುಮ್ನೆ ಕೂತಿರತ್ತೆ, ಚಿಗುರಲ್ಲ.

ನೀಲಿ ಡೇಲಿಯಾ ಬೀಜ ಆನ್‌ಲೈನಲ್ಲಿ ಸಿಗತ್ತಂತೆ, ತರಿಸ್ಲಾ?

ಬೇಡ. ನೀಲಿ ಡೇಲಿಯಾ ಅನ್ನೋದೇ ಇಲ್ಲ. ನಾನೂ ಒಂದು ಸಲ ಫೋಟೋ ನೋಡಿ ದುಡ್ಡು ಕಳಿಸಿ ತರಿಸಿದ್ದೆ, ಬಂದಿದ್ದು ತಿಳಿ ನೇರಳೆ. ಹೂ ಚೆನ್ನಾಗೇ ಇತ್ತು, ಆದ್ರೆ ಮೋಸ ಮೋಸವೇ.

ಹೈಡ್ರೇಂಜಿಯಾ ನಮ್ಮನೇಲಿ ನೀಲಿ, ಬೆಂಗಳೂರಲ್ಲಿ ಅಕ್ಕನ ಮನೇಲಿ ಗುಲಾಬಿ. ಒಂದೇ ಗಿಡದ ಕಡ್ಡಿ, ಹೇಗೆ?

ನನಗೆ ಅತಿ ಇಷ್ಟದ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಹೈಡ್ರೇಂಜಿಯಾ ತವರು ಜಪಾನ್. ಅದ್ರ ಹೂವಲ್ಲಿರೋ ಬಣ್ಣದ ಪದಾರ್ಥ ಗುಲಾಬಿ ಗಿಡದಲ್ಲೂ ನೀಲಿ ಗಿಡದಲ್ಲೂ ಒಂದೇ. ವ್ಯತ್ಯಾಸ ಮಾಡೋದು ಮಣ್ಣಿನ ಅಲ್ಯೂಮಿನಿಯಂ. ಮಣ್ಣು ಹುಳಿ ಇದ್ರೆ, ಅಂದ್ರೆ ಪಿಎಚ್ 5.5ಕ್ಕಿಂತ ಕೆಳಗಿದ್ರೆ, ಅಲ್ಯೂಮಿನಿಯಂ ನೀರಲ್ಲಿ ಕರಗತ್ತೆ, ಬೇರು ಅದನ್ನ ಎಳ್ಕೊಳ್ಳತ್ತೆ, ಅದು ಹೂವಿನ ಬಣ್ಣದ ಜೊತೆ ಸೇರಿ ನೀಲಿ ಆಗತ್ತೆ. ಪಿಎಚ್ 6.5 ದಾಟಿದ್ರೆ ಅಲ್ಯೂಮಿನಿಯಂ ಮಣ್ಣಲ್ಲೇ ಗಟ್ಟಿಯಾಗಿ ಉಳಿಯತ್ತೆ, ಹೂ ಗುಲಾಬಿ. ನಡುವೆ ಇದ್ರೆ ನೇರಳೆ, ಅಥ್ವಾ ಒಂದೇ ಗಿಡದಲ್ಲಿ ಎರಡೂ. ಕೊಡಗಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಸುರಿಯೋ ಮಳೆ ಮಣ್ಣಿನ ಸುಣ್ಣದಂಶ ಎಲ್ಲಾ ತೊಳೆದು ಹೊಳೆಗೆ ಸೇರಿಸ್ತದೆ, ಹಾಗಾಗಿ ನಮ್ಮ ಮಣ್ಣು ಹುಳಿ, ನಮ್ಮ ಹೈಡ್ರೇಂಜಿಯಾ ನೀಲಿ. ಕಾಫಿ ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಸುಣ್ಣ ಹೊಡೆಯೋದೂ ಇದೇ ಹುಳಿ ತೆಗೆಯೋಕೆ.

ಇದನ್ನ ನಾನು ಪುಸ್ತಕದಿಂದ ಕಲಿಯೋ ಮುಂಚೆ ಕಣ್ಣಾರೆ ಕಂಡಿದ್ದೆ. ಒಂದು ವರ್ಷ ತೋಟಕ್ಕೆ ತಂದ ಸುಣ್ಣದ ಚೀಲಗಳನ್ನ ಕಣದ ಮೂಲೇಲಿ ಪೇರಿಸಿ ಟಾರ್ಪಾಲು ಹೊದಿಸಿದ್ವಿ, ಕೆಳಗಿನ ಎರಡು ಚೀಲ ಹರಿದು ಮಳೆ ನೀರಿನ ಜೊತೆ ಸುಣ್ಣ ಬೆಳ್ಳಗೆ ಹರಿದು ಪಕ್ಕದ ಹೈಡ್ರೇಂಜಿಯಾ ಬುಡಕ್ಕೆ ಹೋಗಿತ್ತು. ಮುಂದಿನ ವರ್ಷ ಸಾಲಲ್ಲಿ ಆರು ಗಿಡ ನೀಲಿ, ಮೂಲೇದು ಮಾತ್ರ ಗುಲಾಬಿ, ಅದ್ರ ಪಕ್ಕದ್ದು ಚೀಲದ ಕಡೆಗಿನ ಅರ್ಧ ಗುಲಾಬಿ ಈ ಕಡೆ ಅರ್ಧ ನೀಲಿ. ಅತ್ತೆ ಬಂದು ನೋಡಿ "ಇದಕ್ಕೆ ಯಾರ ಕಣ್ಣು ಬಿತ್ತು ಮಗಳೇ" ಅಂತ ಗಾಬರಿ ಆಗಿದ್ರು. ಮೂರು ಮಳೆಗಾಲ ಕಳೆದ ಮೇಲೆ ಎಲ್ಲಾ ಮತ್ತೆ ನೀಲಿಗೆ ಬಂತು.

ನಿಮ್ಮಕ್ಕನಿಗೆ ನೀಲಿ ಬೇಕಿದ್ರೆ ಪಾಟಲ್ಲಿ ನೆಟ್ಟು, ಪಟಿಕದ ಪುಡಿ ಸ್ವಲ್ಪ ಸ್ವಲ್ಪ ನೀರಲ್ಲಿ ಕರಗಿಸಿ ಹಾಕೋಕೆ ಹೇಳಿ, ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ಬೋರ್‌ವೆಲ್ ಗಡಸು ನೀರಿಗಿಂತ ಮಳೆ ನೀರು ಒಳ್ಳೇದು. ರಂಜಕದ ಗೊಬ್ಬರ ಜಾಸ್ತಿ ಹಾಕಿದ್ರೆ ಅದು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳತ್ತೆ, ನೀಲಿ ಬರಲ್ಲ. ಬಿಳಿ ಜಾತಿ ಏನು ಮಾಡಿದ್ರೂ ನೀಲಿ ಆಗಲ್ಲ, ಅದ್ರಲ್ಲಿ ಆ ಬಣ್ಣದ ಪದಾರ್ಥವೇ ಇಲ್ಲ.

ಹೂವಿನ ಎಸಳು ಅಂತ ನಾವು ಅಂದ್ಕೊಳ್ಳೋದು ಪುಷ್ಪಪತ್ರ (ಮೊಗ್ಗಿನ ಹೊರಗಿನ ಎಲೆಯಂಥ ಹೊದಿಕೆ), ಅದಕ್ಕೇ ತಿಂಗಳುಗಟ್ಟಲೆ ಉದುರದೇ ನಿಲ್ಲೋದು. ಇನ್ನೊಂದು ಕಥೆ ಇದೆ, 1820ರ ದಶಕದಲ್ಲಿ ನಾಗಸಾಕಿಯಲ್ಲಿ ಇದ್ದ ಜರ್ಮನ್ ಡಾಕ್ಟರ್ ಸೀಬೋಲ್ಡ್ ಒಂದು ಹೈಡ್ರೇಂಜಿಯಾಗೆ ಒಟಾಕ್ಸಾ ಅಂತ ಹೆಸರಿಟ್ರು, ಅದು ಅವರ ಜೊತೆ ಬಾಳಿದ ಜಪಾನಿ ಹೆಂಗಸು ಒಟಾಕಿ ಅವರ ಹೆಸರಿಂದ ಬಂದಿದ್ದು. ಅವರನ್ನ ಜಪಾನಿನಿಂದ ಹೊರಹಾಕಿದಾಗ ಹೆಂಡತಿ ಮಗಳು ಅಲ್ಲೇ ಉಳಿದ್ರು, ಹೂವಿನ ಹೆಸರು ಮಾತ್ರ ಅವರ ಜೊತೆ ಯುರೋಪಿಗೆ ಹೋಯ್ತು. ಆಷಾಢದಲ್ಲಿ ಮಂಜು ಕವಿದಿರೋವಾಗ ಆ ನೀಲಿ ಗೊಂಚಲು ನೋಡಿದಾಗೆಲ್ಲಾ ನನಗೆ ಆ ತಾಯಿ ಮಗಳು ನೆನಪಾಗ್ತಾರೆ.

ಹೈಡ್ರೇಂಜಿಯಾ ಎಲೆ ಚೆನ್ನಾಗಿದೆ, ಹೂವೇ ಇಲ್ಲ?

ಜನವರಿಯಲ್ಲಿ ತೋಟದ ಕೆಲಸದ ಜೊತೆ ಅದನ್ನೂ ಕತ್ತರಿಸಿರ್ತೀರಿ. ಸಾಮಾನ್ಯ ಜಾತಿಗಳು ಹಿಂದಿನ ವರ್ಷದ ಕಡ್ಡಿ ಮೇಲೇ ಮೊಗ್ಗು ಇಟ್ಟುಕೊಂಡಿರ್ತವೆ. ಹೂ ಬಾಡಿದ ಕೂಡ್ಲೇ ಕತ್ತರಿಸಿ, ಆಮೇಲೆ ಮುಟ್ಟಬೇಡಿ.

ಚೆಂಡುಹೂ ದೇವ್ರಿಗೆ ಇಡ್ತೀವಿ, ದಸರಾಕ್ಕೆ ಗಾಡಿಗೆ ಕಟ್ತೀವಿ. ಅದೂ ಹೊರಗಿನದಾ?

ಹೌದು, ಅದೂ ಮೆಕ್ಸಿಕೊದ್ದೇ. ಪೋರ್ಚುಗೀಸರು ಅಮೆರಿಕಾ ಕಡೆಯಿಂದ ತಂದ ಮೆಣಸಿನಕಾಯಿ, ಗೇರು, ಪಪ್ಪಾಯಿ ಜೊತೆಗೆ ಬಂದಿರೋದು. ನರ್ಸರೀಲಿ ದೊಡ್ಡದನ್ನ ಆಫ್ರಿಕನ್, ಚಿಕ್ಕದನ್ನ ಫ್ರೆಂಚ್ ಅಂತಾರಲ್ಲ, ಎರಡೂ ಆ ದೇಶದವಲ್ಲ, ದಾರೀಲಿ ಹೋಗ್ತಾ ಅಂಟಿಕೊಂಡ ಹೆಸರು. ಮೆಕ್ಸಿಕೊದವ್ರು ನವೆಂಬರ್ ಮೊದಲ ಎರಡು ದಿನ ತೀರಿಹೋದ ಹಿರಿಯರನ್ನ ಮನೆಗೆ ಕರೀತಾರೆ, ನಮ್ಮಲ್ಲಿ ಹಿರಿಯರಿಗೆ ಮೀದಿ (ಎಡೆ) ಇಡೋ ಹಾಗೆ ಅವ್ರೂ ಊಟ ಇಟ್ಟು, ಬಾಗಿಲಿಂದ ಒಳಗಿನ ತನಕ ಚೆಂಡುಹೂವಿನ ಎಸಳು ಚೆಲ್ಲಿ ದಾರಿ ಮಾಡ್ತಾರೆ, ಆ ವಾಸನೆ ಹಿಡ್ಕೊಂಡು ಹಿರಿಯರು ಬರ್ತಾರೆ ಅನ್ನೋ ನಂಬಿಕೆ. ಹೂವಿಗೆ ದೇವರು ಹಿರಿಯರ ಸಹವಾಸ ಹೊಸದೇನಲ್ಲ, ದೇಶ ಬೇರೆ ಅಷ್ಟೇ.

ಅದ್ರ ಇನ್ನೊಂದು ಗುಣ ತರಕಾರಿ ಬೆಳೆಯೋರಿಗೆ ಬೇಕು. ಬೇರಿಂದ ಒಂದು ಗಂಧಕದ ಅಂಶ ಬಿಡತ್ತೆ, ಅದು ಮಣ್ಣಲ್ಲಿರೋ ಕಣ್ಣಿಗೆ ಕಾಣದ ಜಂತುಹುಳಗಳನ್ನ ಕಮ್ಮಿ ಮಾಡತ್ತೆ, ಟೊಮೇಟೊ ಬದನೆ ಬೇರಲ್ಲಿ ಗಂಟು ಗಂಟು ಮಾಡೋದು ಆ ಹುಳವೇ. ಸಾಲಿನ ಪಕ್ಕ ಅಲ್ಲೊಂದು ಇಲ್ಲೊಂದು ನೆಟ್ರೆ ಸಾಲದು, ಆ ಜಾಗದಲ್ಲಿ ಒತ್ತಾಗಿ ಒಂದು ಬೆಳೆಯಾಗೇ ಬೆಳೆಸಿ ಆಮೇಲೆ ತರಕಾರಿ ಹಾಕಿದ್ರೆ ಫಲ ಜಾಸ್ತಿ.

ಹಾಗಾದ್ರೆ ನಮ್ಮದೇ ಅಂತ ಯಾವ ಹೂವೂ ಇಲ್ವಾ?

ಇದೆ ಇದೆ, ಬೇಕಾದಷ್ಟಿದೆ, ಅಂಗಳದಲ್ಲಿ ಕಮ್ಮಿ ಆಗಿದೆ ಅಷ್ಟೇ, ಅದೇ ನನಗಿರೋ ಬೇಜಾರು.

ಮೊದಲು ಹೇಳ್ಬೇಕಾದ್ದು ತೋಕ್ ಪೂ, ಕನ್ನಡದಲ್ಲಿ ಕೋವಿ ಹೂ ಅಂತೀವಿ, ಕೆಲವು ಕಡೆ ಗೌರಿ ಹೂ, ಅಗ್ನಿಶಿಖೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಬರೋ ಹೊತ್ತಿಗೆ ಬೇಲಿ ಮೇಲೆ, ಬಾಣೆ (ಗದ್ದೆಗೆ ಸೇರಿದ ಹುಲ್ಲು, ಕಾಡಿನ ಜಾಗ) ಅಂಚಲ್ಲಿ ಹತ್ತಿಕೊಂಡು ಅರಳಿರತ್ತೆ. ನಾಟಿ ಕೆಲಸ ಮುಗಿದು ಕೋವಿ ಕತ್ತಿ ತೊಳೆದು ಪೂಜೆಗೆ ಇಟ್ಟಾಗ ಕೋವಿ ನಳಿಗೆ ತುದಿಗೆ ಸಿಕ್ಕಿಸೋದು ಇದನ್ನೇ. ಒಂದು ಹೂ ಕೈಲಿ ಹಿಡಿದು ನಿಧಾನ ನೋಡಿ: ಆರು ಎಸಳು, ಅಂಚು ಅಲೆ ಅಲೆ, ಎಲ್ಲವೂ ಹಿಂದಕ್ಕೆ ಬಾಗಿ ಮೇಲಕ್ಕೆ ನಿಂತಿರ್ತವೆ, ಬುಡ ಹಳದಿ ತುದಿ ಕೆಂಪು, ದಿನ ಕಳೆದ ಹಾಗೆ ಪೂರ್ತಿ ಕೆಂಪಾಗತ್ತೆ. ಎಲೆಯ ತುದಿಯೇ ಬಳ್ಳಿಯ ಕೈ, ಸುರುಳಿ ಸುತ್ತಿ ಪಕ್ಕದ ಗಿಡ ಹಿಡ್ಕೊಳ್ಳತ್ತೆ. ಮಣ್ಣೊಳಗಿನ ಗೆಡ್ಡೆ ನೇಗಿಲಿನ ಆಕಾರ, ಸಂಸ್ಕೃತದಲ್ಲಿ ಲಾಂಗಲೀ ಅನ್ನೋದು ಅದಕ್ಕೇ, ಲಾಂಗಲ ಅಂದ್ರೆ ನೇಗಿಲು. ಏಷ್ಯಾ ಆಫ್ರಿಕಾ ಎರಡರಲ್ಲೂ ಇದು ಸಹಜವಾಗಿ ಬೆಳೆಯತ್ತೆ, ತಮಿಳುನಾಡಿಗೆ ರಾಜ್ಯದ ಹೂ, ಜಿಂಬಾಬ್ವೆಗೆ ರಾಷ್ಟ್ರದ ಹೂ. ಆದ್ರೆ ಇಡೀ ಗಿಡ ವಿಷ, ಗೆಡ್ಡೆ ಬೀಜ ಅಂತೂ ಜೀವ ತೆಗೆಯೋ ಅಷ್ಟು. ಮಕ್ಕಳಿರೋ ಮನೆಯವ್ರು ಬೇಲಿ ಮೇಲೇ ಇರ್ಲಿ ಬಿಡಿ, ಹೂ ಕಿತ್ತ ಮೇಲೆ ಕೈ ತೊಳೀರಿ.

ಆಮೇಲೆ ಸಂಪಿಗೆ, ಕೇಪಳ, ಕನಕಾಂಬರ, ಕರ್ಣಕುಂಡಲ ಎಲ್ಲಾ ನಮ್ಮ ಕಡೆಯವೇ. ಮರದ ಮೇಲೆ ಮೇ ಜೂನಲ್ಲಿ ಬಾಲದ ಹಾಗೆ ಇಳಿಬೀಳೋ ತಿಳಿ ಗುಲಾಬಿ ಸೀತಾಳೆ ದಂಡೆಯೂ ನಮ್ಮದೇ, ಆರ್ಕಿಡ್ ಅಂದ್ರೆ ಥಾಯ್ಲೆಂಡಿಂದ ಬಂದ ಪಾಟ್ ಅಂದ್ಕೊಂಡವ್ರಿಗೆ ಇದನ್ನ ತೋರಿಸ್ಬೇಕು. ದಯವಿಟ್ಟು ಕಾಡಿಂದ ಕಿತ್ತು ತರಬೇಡಿ, ಕಿತ್ತವು ಹೆಚ್ಚಿನವು ಸಾಯ್ತವೆ. ಮರಗಸಿ ಮಾಡುವಾಗ, ಅಂದ್ರೆ ನೆರಳು ಮರದ ಕೊಂಬೆ ಸವರುವಾಗ, ಕೊಂಬೆ ಜೊತೆ ಬಿದ್ದಿದ್ರೆ ಮಾತ್ರ ಎತ್ತಿ, ಹಲಸು ಅಥ್ವಾ ಬೇರೆ ಒರಟು ತೊಗಟೆಯ ಮರಕ್ಕೆ ಬಾಳೆ ನಾರಲ್ಲಿ ಕಟ್ಟಿ, ಗೊಬ್ಬರ ಮಣ್ಣು ಏನೂ ಬೇಡ, ಅದು ಮರದಿಂದ ಏನೂ ಹೀರಲ್ಲ, ಆಸರೆ ಅಷ್ಟೇ ಕೇಳೋದು.

ಕರ್ಣಕುಂಡಲಕ್ಕೂ ನರ್ಸರಿಯ ಬಾಲ್ಸಮ್‌ಗೂ ಏನು ವ್ಯತ್ಯಾಸ?

ಕರ್ಣಕುಂಡಲ ನೆಟ್ಟಗೆ ನಿಂತು ಕಾಂಡಕ್ಕೆ ಅಂಟಿಕೊಂಡ ಹಾಗೆ ಹೂ ಬಿಡತ್ತೆ, ನಮ್ಮ ದೇಶದ್ದೇ. ನರ್ಸರೀಲಿ ಪಾಟ್ ತುಂಬ ಹರಡಿಕೊಂಡು ಚಪ್ಪಟೆ ಹೂ ಬಿಡೋದು ಪೂರ್ವ ಆಫ್ರಿಕಾದ್ದು. ವಂಶ ಒಂದೇ, ಎರಡಕ್ಕೂ ಬಲಿತ ಕಾಯಿ ಮುಟ್ಟಿದ್ರೆ ಪಟಾರ್ ಅಂತ ಒಡೆದು ಬೀಜ ಎಗರತ್ತೆ. ಮಳೆಗಾಲದಲ್ಲಿ ಭಾಗಮಂಡಲ ಕಡೆ ಹೋಗುವಾಗ ನೀರು ಸೋರೋ ಬಂಡೆ ಮೇಲೆ ಗುಲಾಬಿ ಬಣ್ಣದ ಪುಟ್ಟ ಹೂ ಕಾಣತ್ತಲ್ಲ, ಅದೂ ಇದೇ ಬಳಗ. ಪಶ್ಚಿಮ ಘಟ್ಟದಲ್ಲಿ ಇವುಗಳ ಜಾತಿ ಬೇಕಾದಷ್ಟಿವೆ, ಬಹಳಷ್ಟು ಬೇರೆಲ್ಲೂ ಸಿಗಲ್ಲ.

ಪೊಯಿನ್‌ಸೆಟಿಯಾ ಡಿಸೆಂಬರ್ ಬಂದ್ರೂ ಕೆಂಪಾಗಿಲ್ಲ, ಗೊಬ್ಬರ ಕಮ್ಮಿಯಾ?

ಗೊಬ್ಬರ ಅಲ್ಲ, ಲೈಟು. ಇದೂ ಮೆಕ್ಸಿಕೊದ ಗಿಡ, ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಪೊಯಿನ್‌ಸೆಟ್ ಅನ್ನೋರು 1828ರಲ್ಲಿ ತಮ್ಮೂರಿಗೆ ಕಳಿಸಿದ್ದಕ್ಕೆ ಈ ಹೆಸರು. ಇದು ರಾತ್ರಿಯ ಉದ್ದ ಲೆಕ್ಕ ಇಡೋ ಗಿಡ. ಹಲವು ವಾರ ಪ್ರತಿ ರಾತ್ರಿ 12 ಗಂಟೆಗಿಂತ ಜಾಸ್ತಿ ಅಡ್ಡಿಯಿಲ್ಲದ ಕತ್ತಲೆ ಸಿಕ್ಕಿದ್ರೆ ಮಾತ್ರ ಮೇಲಿನ ಎಲೆ ಕೆಂಪಾಗತ್ತೆ. ಹೌದು, ಕೆಂಪು ಇರೋದು ಎಲೆ, ಹೂ ಅಂದ್ರೆ ನಡುವೆ ಇರೋ ಹಳದಿ ಗುಂಡಿ ಥರದ್ದು.

ನಮ್ಮ ಗೇಟ್ ಹತ್ರದ್ದು ಮೂವತ್ತು ವರ್ಷದ ಗಿಡ, ಪ್ರತಿ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಕೆಂಪಗೆ ಉರೀತಿತ್ತು. ಆನೆ ಕಾಟ ಅಂತ ಗೇಟಿಗೆ ದೊಡ್ಡ ಎಲ್‌ಇಡಿ ಹಾಕಿಸಿದ ವರ್ಷ, ಲೈಟಿನ ಕಡೆ ಮುಖ ಇದ್ದ ಅರ್ಧ ಗಿಡ ಹಸಿರಾಗೇ ಉಳೀತು, ಹಿಂದಿನ ಅರ್ಧ ಕೆಂಪು, ನಡುವೆ ಗೆರೆ ಎಳೆದ ಹಾಗೆ. ಲೈಟ್ ತೆಗೆಯೋಕೆ ಆಗಲ್ಲ, ಆನೆ ಬರೋದು ನಿಜ, ಅದಕ್ಕೆ ಕಡ್ಡಿ ತೆಗೆದು ಮನೆ ಹಿಂದೆ ಕತ್ತಲೆ ಇರೋ ಕಡೆ ನೆಟ್ಟೆ. ಸೇವಂತಿಗೆಗೂ ಇದೇ ಲೆಕ್ಕ, ಅದ್ರ ತವರು ಚೀನಾ, ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟತ್ತೆ, ಹಾಗಾಗಿ ಬೀದಿ ದೀಪದ ಕೆಳಗೆ ನೆಟ್ಟ ಸೇವಂತಿಗೆ ಮೊಗ್ಗೇ ಬಿಡ್ತಿಲ್ಲ ಅಂದ್ರೆ ಜಾಗ ಬದಲಾಯಿಸಿ. ಪೊಯಿನ್‌ಸೆಟಿಯಾ ಹಾಲು ಚರ್ಮಕ್ಕೆ ಬಿದ್ರೆ ಕೆಲವರಿಗೆ ಉರಿ ಆಗತ್ತೆ, ಕಣ್ಣಿಗೆ ಹಾರದ ಹಾಗೆ ನೋಡ್ಕೊಳ್ಳಿ.

ಕಾಗದದ ಹೂ ಮಳೆಗಾಲದಲ್ಲಿ ಬರೀ ಎಲೆ?

ಬೋಗನ್‌ವಿಲ್ಲಾ ತವರು ದಕ್ಷಿಣ ಅಮೆರಿಕಾ, ಬ್ರೆಜಿಲ್ ಕಡೆ. ನೀರು ಕಮ್ಮಿ ಬಿಸಿಲು ಜಾಸ್ತಿ ಆದಾಗ ಇದಕ್ಕೆ ಹೂ ಬಿಡೋ ಮನಸ್ಸು ಬರತ್ತೆ, ನೀರು ಗೊಬ್ಬರ ಧಾರಾಳ ಸಿಕ್ರೆ ಎಲೆ ಮುಳ್ಳು ಉದ್ದದ ಕೊಂಬೆ ಅಷ್ಟೇ. ಜನವರಿಯಿಂದ ಮೇ ತನಕ ನಮ್ಮಲ್ಲಿ ಇದ್ರ ಕಾಲ, ಆಗ ನೀರು ಹಾಕೋಕೇ ಹೋಗ್ಬೇಡಿ. ಬಣ್ಣದ್ದು ಎಲೆ, ಅದ್ರೊಳಗೆ ಮೂರು ಸಣ್ಣ ಬಿಳಿ ಕೊಳವೆ ಇರತ್ತಲ್ಲ, ಅದೇ ಹೂ.

1766ರಿಂದ 1769ರ ತನಕ ಬೋಗನ್‌ವಿಲ್ ಅನ್ನೋ ಫ್ರೆಂಚ್ ನಾವಿಕ ಹಡಗಲ್ಲಿ ಭೂಮಿ ಸುತ್ತು ಬಂದಾಗ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಕಾಮೆರ್‌ಸಾನ್ ಈ ಗಿಡ ಗುರುತಿಸಿದ್ದು. ಅವರ ಸಹಾಯಕ ಅಂತ ಗಂಡಸಿನ ವೇಷ ಹಾಕಿ ಹಡಗು ಹತ್ತಿದ್ದು ಜೀನ್ ಬಾರೆ ಅನ್ನೋ ಹೆಂಗಸು. ಹೆಂಗಸರಿಗೆ ಆ ಹಡಗಲ್ಲಿ ಜಾಗ ಇರ್ಲಿಲ್ಲ. ಗಿಡ ಕಿತ್ತು, ಹೊತ್ತು, ಒಣಗಿಸಿ ಇಡೋ ಕೆಲಸದಲ್ಲಿ ಆಕೆ ದೊಡ್ಡ ಪಾಲು ಮಾಡಿದ್ರು, ಭೂಮಿ ಸುತ್ತಿದ ಮೊದಲ ಹೆಂಗಸು ಅಂತ ಈಗ ಗೌರವಿಸ್ತಾರೆ. ಹೂವಿಗೆ ಹೆಸರು ಸಿಕ್ಕಿದ್ದು ಕ್ಯಾಪ್ಟನ್‌ದು.

ನರ್ಸರಿಯಿಂದ ತಂದ ಕೆಂಪು ಗುಲಾಬಿ ಎರಡು ವರ್ಷಕ್ಕೆ ಚಿಕ್ಕ ಕಾಡುಹೂ ಬಿಡ್ತಿದೆ, ಗಿಡ ಬದಲಾಯ್ತಾ?

ಗಿಡ ಬದಲಾಗಿಲ್ಲ, ಮೇಲಿನ ಗಿಡ ಸತ್ತು ಕೆಳಗಿನದು ಬೆಳೆದಿದೆ. ನರ್ಸರಿ ಗುಲಾಬಿ ಅಂದ್ರೆ ಗಟ್ಟಿ ಕಾಡುಗುಲಾಬಿ ಬುಡಕ್ಕೆ ಒಳ್ಳೆ ಜಾತಿಯ ಕಣ್ಣು ಕೂರಿಸಿರೋದು. ಆ ಗಂಟಿನ ಕೆಳಗಿಂದ ಬರೋ ಚಿಗುರನ್ನ ಕಂಡ ಕೂಡ್ಲೇ ಕಿತ್ತು ಹಾಕ್ಬೇಕು, ಕಾಫಿ ಗಿಡದ ಬೇಡದ ಚಿಗುರು ತೆಗೆದ ಹಾಗೇ.

ಗುಲಾಬಿ ಹಲವು ತವರಿನ ಮಗಳು. ಹಳೇ ಯುರೋಪಿನ ಗುಲಾಬಿಗೆ ವಾಸನೆ ಇತ್ತು, ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಬಿಡ್ತಿದ್ವು. ಮತ್ತೆ ಮತ್ತೆ ಬಿಡೋ ಗುಣ ಬಂದಿದ್ದು ಚೀನಾದ ಗುಲಾಬಿಯಿಂದ, ಅವು 18ನೇ ಶತಮಾನದ ಕೊನೇಲಿ ಯುರೋಪಿಗೆ ಹೋದ್ವು, ಎರಡೂ ಬೆರೆತು ಬೆರೆತು 1867ರಲ್ಲಿ ಫ್ರಾನ್ಸಲ್ಲಿ ಲಾ ಫ್ರಾನ್ಸ್ ಅನ್ನೋ ಜಾತಿ ಬಂತು, ಇವತ್ತಿನ ಹೈಬ್ರಿಡ್ ಟೀ ಅನ್ನೋ ದೊಡ್ಡ ಹೂವಿನ ಬೆರಕೆ ಗುಲಾಬಿಗಳ ಲೆಕ್ಕ ಅಲ್ಲಿಂದ ಶುರು. ದೂರ ಸಾಗಿಸೋಕೆ ಅಂತ ದಪ್ಪ ಎಸಳು, ಉದ್ದ ಕಾಂಡ ಆರಿಸ್ತಾ ಹೋದ ಹಾಗೆ ವಾಸನೆ ಕಮ್ಮಿ ಆಯ್ತು. ಮಳೇಲಿ ಎಲೆಗೆ ಕಪ್ಪು ಚುಕ್ಕೆ ಬಂದು ಉದುರೋದು ಶಿಲೀಂಧ್ರದಿಂದ, ಸೂರಿನ ಕೆಳಗೆ ಗಾಳಿ ಆಡೋ ಕಡೆ ಪಾಟ್ ಇಟ್ರೆ ಅರ್ಧ ಗೆದ್ದ ಹಾಗೆ. ಇಲ್ಲಾಂದ್ರೆ ಪನ್ನೀರ್ ಗುಲಾಬಿ ನೆಡಿ, ವಾಸನೆಯೂ ಸಿಗತ್ತೆ, ತಡ್ಕೊಳ್ಳೋ ಶಕ್ತಿಯೂ ಜಾಸ್ತಿ.

ದಾಸವಾಳ?

ವಿಚಿತ್ರ ಏನಂದ್ರೆ ಲಿನೇಯಸ್ 1753ರಲ್ಲಿ ಇದಕ್ಕೆ ಚೀನಾ ಗುಲಾಬಿ ಅನ್ನೋ ಅರ್ಥದ ಹೆಸರಿಟ್ರೂ ಕಾಡಲ್ಲಿ ತಾನಾಗಿ ಬೆಳೆದ ಈ ದಾಸವಾಳ ಚೀನಾದಲ್ಲಿ ಸಿಕ್ಕಿಲ್ಲ. ಮನುಷ್ಯರು ಕಡ್ಡಿ ಮುರಿದು ನೆಟ್ಟು ನೆಟ್ಟೇ ಊರೂರಿಗೆ ಹೋಗಿರೋ ಗಿಡ, ನಮ್ಮನೆ ಬೇಲೀಲೂ ಬೀಜ ಕಟ್ಟೋದು ಅಪರೂಪ. ಹಿಟ್ಟು ತಿಗಣೆ ಬಂದ್ರೆ ತುದಿ ಕತ್ತರಿಸಿ ಸುಟ್ಟುಬಿಡಿ.

ಉಡುಪಿ ಮಲ್ಲಿಗೆ ತಂದು ನೆಟ್ಟೆ, ಮೊಗ್ಗೇ ಇಲ್ಲ.

ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗೆ ಊರಿನ ಹೆಸರಿನ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಇರೋದು ಸುಮ್ನೆ ಅಲ್ಲ, ಆ ಮಣ್ಣು ಆ ಬಿಸಿಲು ಅದಕ್ಕೆ ಬೇಕು. ಕೊಡಗಲ್ಲಿ ಮರದ ನೆರಳು ಜಾಸ್ತಿ, ಮೋಡ ಜಾಸ್ತಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳೋ ಜಾಗ ಹುಡುಕಿ, ಬೇಸಿಗೆ ಮುಂಚೆ ಎಲೆ ಸವರಿ ಹಟ್ಟಿ ಗೊಬ್ಬರ ಕೊಡಿ. ಕುಶಾಲನಗರ ಕಡೆ ಒಣ ಹವೆ ಇರೋರಿಗೆ ಚೆನ್ನಾಗಿ ಬರತ್ತೆ, ನಮ್ಮ ಕಡೆ ಅಷ್ಟಕ್ಕಷ್ಟೇ.

ಆಂಥೂರಿಯಂ ಕಾಫಿ ನೆರಳಲ್ಲಿ ಬೆಳೀಬಹುದಾ?

ತವರು ಕೊಲಂಬಿಯಾ ಈಕ್ವೆಡಾರಿನ ತೇವದ ಕಾಡು, ಅಲ್ಲಿ ದೊಡ್ಡ ಮರಗಳ ನೆರಳಲ್ಲಿ ಇರೋದು, ಹಾಗಾಗಿ ನಮ್ಮ ಹವೆ ಅದಕ್ಕೆ ಸರಿ, ಕೊಡಗಲ್ಲಿ ಮಾರೋಕೆ ಬೆಳೆಯೋರೂ ಇದ್ದಾರೆ. ಮಾರೋಕೆ ಅಂದ್ರೆ 75 ಪರ್ಸೆಂಟ್ ಶೇಡ್‌ನೆಟ್ ಬೇಕು, ಮರದ ಹನಿ ಬಿದ್ದು ಹೂವಿಗೆ ಕಲೆ ಆಗತ್ತೆ. ಬರೀ ಮಣ್ಣಲ್ಲಿ ನೆಡಬೇಡಿ, ತೆಂಗಿನ ಸಿಪ್ಪೆ ಚೂರು ಇಟ್ಟಿಗೆ ಚೂರು ಸೇರಿಸಿ, ಬೇರಿಗೆ ಗಾಳಿ ಆಡ್ಬೇಕು. ಹೂದಾನೀಲಿ ಎರಡು ವಾರದ ಮೇಲೂ ನಿಲ್ಲತ್ತೆ, ಯಾಕಂದ್ರೆ ಆ ಕೆಂಪು ಹೃದಯದ ಆಕಾರವೂ ಎಲೆಯೇ.

ಮೇ ತಿಂಗಳಲ್ಲಿ ಎಲೆ ಇಲ್ದೇ ಚೆಂಡಿನ ಹಾಗೆ ಕೆಂಪು ಹೂ ಮೇಲೆ ಬರತ್ತಲ್ಲ, ಅದೇನು?

ಫುಟ್‌ಬಾಲ್ ಲಿಲ್ಲಿ, ಆಫ್ರಿಕಾದ್ದು. ಮೊದಲ ಮಳೆಗೆ ಏಳತ್ತೆ, ಒಂದೆರಡು ವಾರ ಇರತ್ತೆ, ಆಮೇಲೆ ಎಲೆ. ಒಂದು ಸಲ ನೆಟ್ರೆ ಆಯ್ತು.

ಕಾಫಿ ಹೂವನ್ನ ಹೂ ಅಂತ ಲೆಕ್ಕಕ್ಕೆ ತಗೋತೀರಾ?

ಖಂಡಿತ. ಅರೇಬಿಕಾ ತವರು ಇಥಿಯೋಪಿಯಾ, ನಮ್ಮ ಕೇಪಳದ ಕುಟುಂಬವೇ. ಮಾರ್ಚ್ ಏಪ್ರಿಲಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದು ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗತ್ತೆ, ಬೆಳಿಗ್ಗೆ ಬಾಗಿಲು ತೆಗೆದ್ರೆ ಮಲ್ಲಿಗೆ ವಾಸನೆ, ಮೂರು ದಿನಕ್ಕೆ ಮುಗೀತು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟತ್ತೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದಕ್ಕೇ ಆ ಮೂರು ದಿನ ದಯವಿಟ್ಟು ಯಾವ ಔಷಧೀನೂ ಹೊಡೀಬೇಡಿ, ಜೇನು ಇರ್ಲಿ.

ಯಾವ ಗಿಡ ನೆಡಲೇಬಾರದು?

ಲಂಟಾನ. ಹಿಂದೆ ಅಂದಕ್ಕೆ ಅಂತಲೇ ಅಮೆರಿಕಾ ಕಡೆಯಿಂದ ತಂದ ಬೇಲಿ ಗಿಡ, ಈಗ ನಾಗರಹೊಳೆ ಒಳಗೆ ಎಷ್ಟು ಹಬ್ಬಿದೆ ಅಂದ್ರೆ ಹುಲ್ಲಿಗೆ ಜಾಗ ಇಲ್ಲ, ಜಿಂಕೆ ಕಾಟಿಗೆ ಮೇವಿಲ್ಲ. ಹಳದಿ ಗೊಂಚಲಿನ ಸೆನ್ನಾ ಮರವೂ ಹಾಗೇ, ನೋಡೋಕೆ ಚೆಂದ ಅಂತ ನೆಟ್ಟಿದ್ದು ನಾಗರಹೊಳೆ ವಯನಾಡು ಕಾಡಿಗೆ ಹೊಕ್ಕಿದೆ, ಕಡಿದ್ರೆ ಬುಡದಿಂದ ಹತ್ತು ಚಿಗುರು. ನೆಲಕ್ಕೆ ಹಬ್ಬೋ ಹಳದಿ ಸಿಂಗಪುರ್ ಡೈಸಿಯನ್ನ ಹೋಮ್‌ಸ್ಟೇಯವ್ರು ಇಳಿಜಾರಿಗೆ ಹಾಕ್ತಿದ್ದಾರೆ, ಅದು ತೋಡಿಗಿಳಿದ್ರೆ ಹಿಡಿಯೋಕಾಗಲ್ಲ. ಕಾಡಂಚಲ್ಲಿ ಇರೋ ನಾವು ಅಂಗಳದಲ್ಲಿ ಏನು ನೆಡ್ತೀವೋ ಅದು ನಾಳೆ ಕಾಡಿಗೆ ಹೋಗತ್ತೆ, ಇದ್ರಲ್ಲಿ ನಾನು ಯಾರ ಜೊತೆಗೂ ರಾಜಿ ಆಗಲ್ಲ.

ಸಂಜೆ ಘಮ್ ಅನ್ನೋ ಇಳಿಬಿದ್ದ ತುತ್ತೂರಿ ಹೂ, ದಕ್ಷಿಣ ಅಮೆರಿಕದ ದತ್ತೂರಿ ನೆಂಟ, ಅದು ಹಬ್ಬಲ್ಲ ಆದ್ರೆ ಪೂರ್ತಿ ವಿಷ. ಕಣಗಿಲೆಯೂ ವಿಷ. ಮಡಗಾಸ್ಕರ್‌ನಿಂದ ಬಂದ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರ್‌ಗೆ ಔಷಧಿ ಮಾಡ್ತಾರೆ ಅಂತ ಕೇಳಿ ಎಲೆ ಜಗಿಯೋರನ್ನ ನೋಡಿದೀನಿ, ಹಾಗೆ ಮಾಡ್ಬೇಡಿ, ಆ ಔಷಧಿ ಡಾಕ್ಟರ್ ಕೈಲಿ ತೂಕ ಹಾಕಿ ಕೊಡೋದು, ಎಲೆ ತಿಂದ್ರೆ ವಿಷವೇ. ಮಗು ಏನಾದ್ರೂ ಬಾಯಿಗೆ ಹಾಕ್ಕೊಂಡ್ರೆ ಮನೆ ಮದ್ದು ಮಾಡ್ತಾ ಕೂರದೇ ಗಿಡದ ಒಂದು ತುಂಡು ಹಿಡ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ.

ಗೆಡ್ಡೆ, ಕಡ್ಡಿ ಕೊಡ್ತೀರಾ?

ಕೊಡ್ತೀನಿ, ದುಡ್ಡು ಬೇಡ. ಹೈಡ್ರೇಂಜಿಯಾ, ದಾಸವಾಳ ಕಡ್ಡಿಗೆ ಜೂನ್ ಮೊದಲ ವಾರ ಬನ್ನಿ, ಮಳೆ ಹಿಡಿದ ಮೇಲೆ ಬೇರು ಬೇಗ ಬರತ್ತೆ. ಡೇಲಿಯಾ ಗೆಡ್ಡೆಗೆ ಕಾಫಿ ಕುಯ್ಲು ಮುಗಿದ ಮೇಲೆ, ಫೆಬ್ರವರೀಲಿ. ಅಜ್ಜಿ ಕಾಲದ ಕಡು ಕೆಂಪು ಬೇಕಾದಷ್ಟಿದೆ, ಹಳದಿ ಈ ವರ್ಷ ಮೂರೇ ಉಳಿದಿರೋದು, ಅದ್ರಲ್ಲಿ ಎರಡು ಆಗ್ಲೇ ನಾಪೋಕ್ಲು ಚಿಕ್ಕಮ್ಮನಿಗೆ ಹೇಳಿದೀನಿ. ಬರುವಾಗ ಗೋಣಿ ತುಂಡು ತನ್ನಿ, ಪ್ಲಾಸ್ಟಿಕ್ ಕವರಲ್ಲಿ ಬೆವರಿ ಕೊಳೆಯತ್ತೆ, ಮತ್ತೆ ನಿಮ್ಮನೇಲಿ ಹಳೇ ಕರ್ಣಕುಂಡಲ ಬೀಜ ಇದ್ರೆ, ಅದ್ರಲ್ಲೂ ಬಿಳಿದು, ಒಂದು ಚಿಟಿಕೆ ನನಗೂ ತನ್ನಿ.